ಶ್ರವಣ : ಕಿವಿಗೆ ಬೀಳುವುದು, ಮನಸ್ಸು ಹಿಡಿಯುವುದು

ನವವಿಧ ಭಕ್ತಿಗಳನ್ನು ಎಣಿಸುವಾಗ ಪ್ರಹ್ಲಾದರಾಜನು ಶ್ರವಣವನ್ನು ಮೊದಲು ಹೇಳಿ, ಕೀರ್ತನವನ್ನು ಅನಂತರ ಹೇಳಿದ್ದಾನೆ. ಹಾಡುವವನಿಗಿಂತ ಮುಂಚೆ ಕೇಳುವವನು ಬರುತ್ತಾನೆಂಬ ಈ ಕ್ರಮವು ನಮ್ಮ ಉತ್ಸವಗಳಲ್ಲಿ ಅನೇಕ ವೇಳೆ ತಲೆಕೆಳಗಾಗಿದೆಯೆಂದು ನಮಗೆ ತೋರುತ್ತದೆ. ಹಾಡುವವರಿಗೆ ವೇದಿಕೆಯುಂಟು, ಧ್ವನಿವರ್ಧಕವುಂಟು, ಫಲಮಂತ್ರಾಕ್ಷತೆಯೂ ಉಂಟು. ಕೇಳುವವರ ಕಿವಿಯ ವಿಚಾರವನ್ನು ಮಾತ್ರ ಯಾರೂ ಎತ್ತುವುದಿಲ್ಲ.

ನರಸಿಂಹ ಜಯಂತಿಯ ನಿಮಿತ್ತ ಬೀದರದಲ್ಲಿ ಸಪ್ತಮಸ್ಕಂಧದ ಪ್ರವಚನವು ಮುಗಿದ ಬಳಿಕ ಇಬ್ಬರು ಶ್ರೋತೃಗಳು ಕೇಳಿದ ಪ್ರಶ್ನೆಗಳು ನಮ್ಮನ್ನು ಈ ವಿಚಾರಕ್ಕೆ ತಿರುಗಿಸಿದವು. ಔರಾದ ತಾಲೂಕಿನಿಂದ ಬಂದಿದ್ದ ಗರ್ಭಿಣಿ ಸೋದರಿಯೊಬ್ಬರು, "ಪ್ರಹ್ಲಾದರು ಗರ್ಭದಲ್ಲಿ ಕೇಳಿದರಂತೆ, ನಾನು ಹಾಡುವ ದಾಸರ ಪದ ನನ್ನ ಕೂಸಿಗೆ ಕೇಳಸ್ತದೇನ್ರಿ?" ಎಂದು ಕೇಳಿದರು. ಭಾಲ್ಕಿಯ ವೃದ್ಧರೊಬ್ಬರದು ಬೇರೆಯೇ ಅಳಲು: "ಮೈಕಿನಾಗ ಹಾಡು ಕೇಳಸ್ತದ, ಮಾತು ತಿಳಿಯಂಗಿಲ್ಲ." ಈ ಎರಡನ್ನೂ ನಾವು ಅಲ್ಲಿಯೇ ಎರಡು ಮಾತಿನಲ್ಲಿ ಮುಗಿಸಿ ಪ್ರಸಾದಕ್ಕೆ ಎದ್ದೆವು. ಆದರೆ ಮನೆಗೆ ಬಂದು ಯೋಚಿಸಿದಾಗ ಅವೆರಡೂ ಒಂದೇ ಪ್ರಶ್ನೆಯ ಎರಡು ತುದಿಗಳೆಂದು ಕಂಡುಬಂತು. ಹಾಡಿನಲ್ಲಿ ನಾದವೂ ಇದೆ, ನುಡಿಯೂ ಇದೆ. ಕಿವಿಗೆ ಇವು ಒಟ್ಟಾಗಿ ಬರುತ್ತವೆ. ಆದರೆ ಇವೆರಡೂ ಒಂದೇ ದಾರಿಯಲ್ಲಿ ಮನಸ್ಸನ್ನು ಸೇರುತ್ತವೆಯೇ?

ಮೊದಲು ಧ್ವನಿಯ ಉತ್ಪತ್ತಿಯನ್ನು ನೋಡೋಣ. ಶ್ವಾಸಕೋಶದಿಂದ ಬಂದ ವಾಯುವು ಗಂಟಲಿನ ಧ್ವನಿತಂತುಗಳನ್ನು ಕಂಪಿಸುತ್ತದೆ. ಮಾತಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130, ಹೆಂಗಸರಲ್ಲಿ ಸುಮಾರು 200 ಕಂಪನಗಳು. ಈ ಕಂಪನಗಳು ಹೆಚ್ಚಿದರೆ ಶ್ರುತಿ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಇಲ್ಲಿಯವರೆಗೆ ಹುಟ್ಟಿದ್ದು ಬರಿಯ ನಾದ. ಈ ನಾದವು ಬಾಯಿಯನ್ನು ಹಾದು ಬರುವಾಗ ನಾಲಿಗೆ, ತುಟಿ, ದವಡೆಗಳು ಅದರ ಉಪಸ್ವರಗಳಲ್ಲಿ ಕೆಲವನ್ನು ಬಲಪಡಿಸಿ, ಕೆಲವನ್ನು ಅಡಗಿಸುತ್ತವೆ. ಆಗ ಅದೇ ನಾದವು 'ಆ' ಆಗುತ್ತದೆ, 'ಈ' ಆಗುತ್ತದೆ, 'ಊ' ಆಗುತ್ತದೆ. ಷಡ್ಜದಲ್ಲಿ ನಿಂತು ಈ ಮೂರನ್ನೂ ಹೇಳಿ ನೋಡಿರಿ. ಶ್ರುತಿ ಕದಲುವುದಿಲ್ಲ, ಅಕ್ಷರ ಬದಲಾಗುತ್ತದೆ. 'ಆ' ಎಂದೇ ಹಿಡಿದು ಸಪ್ತಸ್ವರಗಳನ್ನು ಏರಿರಿ. ಅಕ್ಷರ ಕದಲುವುದಿಲ್ಲ, ಶ್ರುತಿ ಬದಲಾಗುತ್ತದೆ. ಸ್ವರವನ್ನು ಮಾಡುವುದು ಗಂಟಲು, ಅಕ್ಷರವನ್ನು ಮಾಡುವುದು ಬಾಯಿ. ಈ ವಿಭಾಗವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ನಮ್ಮ ಪೂರ್ವಿಕರು ಇದನ್ನು ಸೂಕ್ಷ್ಮವಾಗಿ ಬಲ್ಲವರಾಗಿದ್ದರು. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯು ಉಚ್ಚಾರಣಶಾಸ್ತ್ರದ ಆರು ಅಂಗಗಳನ್ನು ಹೆಸರಿಸುತ್ತದೆ: ವರ್ಣ, ಸ್ವರ, ಮಾತ್ರೆ, ಬಲ, ಸಾಮ, ಸಂತಾನ. ಇಂದಿನ ಧ್ವನಿವಿಜ್ಞಾನಿಯು ಯಂತ್ರದ ಮುಂದೆ ಕುಳಿತು ಅಳೆಯುವುದೂ ಬಹುಮಟ್ಟಿಗೆ ಇವನ್ನೇ. ಅಕ್ಷರದ ಗುಣ, ಶ್ರುತಿಯ ಏರಿಳಿತ, ಕಾಲದ ಅಳತೆ, ಉಚ್ಚಾರಣೆಯ ಬಲ, ಓಟದ ಸಮತೆ, ಅಕ್ಷರದಿಂದ ಅಕ್ಷರಕ್ಕಿರುವ ಸಂಧಾನ. ಆದಕಾರಣ ಉಪನಿಷತ್ತಿನಲ್ಲಿಯೇ ಸರ್ವ ವಿಜ್ಞಾನವೂ ಅಡಗಿದೆಯೆಂದು ಸಭೆಯಲ್ಲಿ ಘೋಷಿಸುವವರ ಸಾಲಿಗೆ ನಾವು ಸೇರುವುದಿಲ್ಲ. ವರ್ಣಗಳು ನಿತ್ಯವಾದವು, ಧ್ವನಿಯು ಅವನ್ನು ವ್ಯಕ್ತಪಡಿಸುವುದು ಮಾತ್ರ ಎಂಬುದು ನಮ್ಮ ಸಿದ್ಧಾಂತ. ವಿಜ್ಞಾನವು ನಿತ್ಯತ್ವದ ಗೊಡವೆಗೆ ಹೋಗುವುದಿಲ್ಲ. ವ್ಯಕ್ತಪಡಿಸುವ ಧ್ವನಿಯನ್ನಷ್ಟೇ ಅಳೆಯುತ್ತದೆ. ಎರಡರ ಕ್ಷೇತ್ರವೂ ಬೇರೆ.

ಸ್ವರವು ತಪ್ಪಿದರೆ ಅರ್ಥವೇ ತಿರುಗಿಬೀಳುತ್ತದೆಂಬುದಕ್ಕೆ ವೃತ್ರಾಸುರನ ಜನನವೃತ್ತಾಂತವು ಪ್ರಸಿದ್ಧ ಉದಾಹರಣೆ. ಮಗನಾದ ವಿಶ್ವರೂಪನನ್ನು ಇಂದ್ರನು ಕೊಂದನೆಂದು ತ್ವಷ್ಟೃವು ಇಂದ್ರನನ್ನು ಕೊಲ್ಲಬಲ್ಲ ಪುತ್ರನಿಗಾಗಿ ಹೋಮ ಮಾಡಿದನು. ಆಗ ಬಳಸಿದ ಪದ 'ಇಂದ್ರಶತ್ರು'. ಈ ಸಮಾಸದ ಕೊನೆಯಲ್ಲಿ ಉದಾತ್ತವಿದ್ದರೆ ಇಂದ್ರನನ್ನು ಕೊಲ್ಲುವವನು ಎಂದರ್ಥ. ಮೊದಲಲ್ಲಿದ್ದರೆ ಇಂದ್ರನೇ ಯಾರ ಕೊಲೆಗಾರನೋ ಅವನು ಎಂದರ್ಥ. ತ್ವಷ್ಟೃವಿನ ಬಾಯಲ್ಲಿ ಉದಾತ್ತವು ಮೊದಲಿಗೆ ಬಿತ್ತು. ಒಂದಕ್ಷರವೂ ತಪ್ಪಿರಲಿಲ್ಲ, ತಪ್ಪಿದ್ದು ಗಂಟಲಿನ ಏರಿಳಿತ ಮಾತ್ರ. ಚೀನಾ ದೇಶದ ಭಾಷೆಯಲ್ಲಿ ಇಂದಿಗೂ ಒಂದೇ ಅಕ್ಷರವನ್ನು ನಾಲ್ಕು ಧಾಟಿಯಲ್ಲಿ ಹೇಳಿದರೆ ನಾಲ್ಕು ಅರ್ಥಗಳು. ನಮ್ಮ ದೇಶದ ಪಂಜಾಬಿಯಲ್ಲಿಯೂ ಇಂತಹ ಸ್ವರಭೇದವಿದೆ. ಕನ್ನಡದಲ್ಲಿ ಏರಿಳಿತದಿಂದ ಪದದ ಅರ್ಥ ಬದಲಾಗುವುದಿಲ್ಲವಾದರೂ ಮಾತಿನ ಅಭಿಪ್ರಾಯ ಬದಲಾಗುತ್ತದೆ. 'ಊಟ ಆಯ್ತು' ಎಂಬುದನ್ನು ಕೊನೆಯಲ್ಲಿ ಎತ್ತಿ ಹೇಳಿದರೆ ಪ್ರಶ್ನೆ, ಇಳಿಸಿ ಹೇಳಿದರೆ ಉತ್ತರ.

ಇನ್ನು ಕೇಳುವ ಕಡೆಗೆ ಬರೋಣ. ಒಳಗಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಒಂದು ಪುಟ್ಟ ನಾಳವಿದೆ. ಅದರೊಳಗಿನ ಪೊರೆಯು ಒಂದು ತುದಿಯಲ್ಲಿ ತಾರಸ್ವರಗಳಿಗೂ ಇನ್ನೊಂದು ತುದಿಯಲ್ಲಿ ಮಂದ್ರಸ್ವರಗಳಿಗೂ ಸ್ಪಂದಿಸುವ ರೀತಿಯನ್ನು ತೋರಿಸಿಕೊಟ್ಟುದಕ್ಕಾಗಿ ಹಂಗೇರಿ ಮೂಲದ ಫಾನ್ ಬೇಕೇಶಿ ಎಂಬ ವಿಜ್ಞಾನಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಕಿವಿಯು ಅಳೆದು ಕೊಟ್ಟುದನ್ನೇ ಮನಸ್ಸು ಕೇಳುತ್ತದೆಂದಲ್ಲ. ಹಳೆಯ ದೂರವಾಣಿಯ ತಂತಿಯು ಸೆಕೆಂಡಿಗೆ ಸುಮಾರು 300 ಕಂಪನಗಳಿಗಿಂತ ಕೆಳಗಿನದನ್ನು ಸಾಗಿಸುತ್ತಲೇ ಇರಲಿಲ್ಲ. ಗಂಡಸಿನ ಧ್ವನಿಯ ಮೂಲಸ್ವರವು 100ರ ಆಸುಪಾಸಿನಲ್ಲಿದ್ದುದರಿಂದ ಅದು ತಂತಿಯಲ್ಲಿ ಬರುತ್ತಿರಲಿಲ್ಲ. ಹಾಗಿದ್ದೂ ಹೈದರಾಬಾದಿನಿಂದ ಮಾತಾಡಿದ ಸೋದರಮಾವನ ದಪ್ಪ ಧ್ವನಿಯು ನಮಗೆ ದಪ್ಪವಾಗಿಯೇ ಕೇಳಿಸುತ್ತಿತ್ತು. ಬಂದ ಉಪಸ್ವರಗಳ ನಡುವಿನ ಅಂತರದಿಂದ, ಬಾರದ ಮೂಲಸ್ವರವನ್ನು ಮನಸ್ಸು ತಾನೇ ಊಹಿಸಿಕೊಳ್ಳುತ್ತಿತ್ತು. ಕೇಳುವುದೆಂದರೆ ಸುಮ್ಮನೆ ತುಂಬಿಸಿಕೊಳ್ಳುವುದಲ್ಲ, ಅದೂ ಒಂದು ಕ್ರಿಯೆ.

ಈಗ ಔರಾದದ ಸೋದರಿಯ ಪ್ರಶ್ನೆ. ಕಯಾಧುವನ್ನು ಇಂದ್ರನ ಸೆರೆಯಿಂದ ಬಿಡಿಸಿ ಆಶ್ರಮಕ್ಕೆ ಕರೆತಂದ ನಾರದರು ಗರ್ಭಸ್ಥ ಶಿಶುವನ್ನು ಉದ್ದೇಶಿಸಿಯೇ ಭಾಗವತಧರ್ಮವನ್ನು ಉಪದೇಶಿಸಿದರೆಂದು ಪ್ರಹ್ಲಾದನು ದೈತ್ಯಬಾಲಕರಿಗೆ ಹೇಳುತ್ತಾನೆ. ಕಾಲಾಂತರದಲ್ಲಿ ತಾಯಿ ಅದನ್ನು ಮರೆತಳು, ಋಷಿಯ ಅನುಗ್ರಹದಿಂದ ತಾನು ಮರೆಯಲಿಲ್ಲ ಎಂದೂ ಹೇಳುತ್ತಾನೆ. ಈ ಅನುಗ್ರಹವನ್ನು ಯಾವ ಪ್ರಯೋಗಾಲಯವೂ ಅಳೆಯಲಾರದು. ಸಾಮಾನ್ಯ ಶಿಶುಗಳ ಮಟ್ಟಿಗೆ ತಿಳಿದುಬಂದಿರುವುದನ್ನಷ್ಟೇ ಹೇಳುತ್ತೇವೆ.

ಆರೇಳು ತಿಂಗಳ ಹೊತ್ತಿಗೆ ಗರ್ಭಸ್ಥ ಶಿಶುವು ಧ್ವನಿಗೆ ಸ್ಪಂದಿಸತೊಡಗುತ್ತದೆ. ಆದರೆ ತಾಯಿಯ ದೇಹವನ್ನು ದಾಟಿ ಒಳಗೆ ಹೋಗುವಾಗ ತಾರಧ್ವನಿಗಳು ಅಡಗಿ ಮಂದ್ರಧ್ವನಿಗಳು ಉಳಿಯುತ್ತವೆ. ಪಕ್ಕದ ಕೋಣೆಯ ಸಂಭಾಷಣೆಯನ್ನು ಗೋಡೆಯ ಈಚೆಯಿಂದ ಕೇಳಿದಂತೆ ಎನ್ನಬಹುದು. ಯಾರು ಮಾತಾಡುತ್ತಿದ್ದಾರೆ, ಸಿಟ್ಟಿನಲ್ಲೋ ಸಮಾಧಾನದಲ್ಲೋ ಎಂಬುದು ತಿಳಿಯುತ್ತದೆ, ಮಾತು ತಿಳಿಯುವುದಿಲ್ಲ. ಅರ್ಥಾತ್ ಶಿಶುವಿಗೆ ಮೊದಲು ತಲಪುವುದು ನುಡಿಯ ಅಕ್ಷರವಲ್ಲ, ನುಡಿಯ ರಾಗ. ಡಿಕ್ಯಾಸ್ಪರ್ ಎಂಬ ಅಮೆರಿಕನ್ ವಿದ್ವಾಂಸ ಮತ್ತು ಅವರ ಸಹೋದ್ಯೋಗಿಯೊಬ್ಬರು 1980ರಲ್ಲಿ, ಹುಟ್ಟಿ ಮೂರು ದಿನ ತುಂಬದ ಕೂಸುಗಳು ಪರಸ್ತ್ರೀಯ ಧ್ವನಿಗಿಂತ ತಾಯಿಯ ಧ್ವನಿಯನ್ನು ಬಯಸುತ್ತವೆಂದು ತೋರಿಸಿದರು. ಮಾತು ಬಾರದ ಕೂಸಿನ ಬಯಕೆಯನ್ನು ತಿಳಿದ ಬಗೆ ಸ್ವಾರಸ್ಯವಾದುದು. ಚೀಪುವ ಮೊಲೆತೊಟ್ಟಿನಂತಹ ರಬ್ಬರಿಗೆ ಯಂತ್ರವನ್ನು ಜೋಡಿಸಿ, ಒಂದು ಲಯದಲ್ಲಿ ಚೀಪಿದರೆ ತಾಯಿಯ ಧ್ವನಿ, ಇನ್ನೊಂದು ಲಯದಲ್ಲಿ ಚೀಪಿದರೆ ಬೇರೆಯವಳ ಧ್ವನಿ ಕೇಳಿಬರುವಂತೆ ಮಾಡಿದ್ದರು. ಕೂಸುಗಳು ತಾಯಿಯ ಧ್ವನಿ ಬರುವ ಲಯವನ್ನೇ ಆರಿಸಿಕೊಂಡವು! 1986ರ ಇನ್ನೊಂದು ಪ್ರಯೋಗದಲ್ಲಿ ಗರ್ಭಿಣಿಯರು ಕೊನೆಯ ಆರು ವಾರ ಪ್ರತಿನಿತ್ಯ ಒಂದೇ ಕಥೆಯನ್ನು ಗಟ್ಟಿಯಾಗಿ ಓದಿದರು. ಹುಟ್ಟಿದ ಮೇಲೆ ಕೂಸುಗಳು ಹೊಸ ಕಥೆಗಿಂತ ಆ ಕಥೆಯನ್ನೇ ಬಯಸಿದವು. ಅದನ್ನು ಬೇರೆ ಹೆಂಗಸು ಓದಿದರೂ ಬಯಸಿದವು.

2009ರಲ್ಲಿ ಜರ್ಮನಿಯ ಕ್ಯಾಥ್ಲೀನ್ ವೆರ್ಮ್ಕೆ ಮತ್ತು ಸಂಗಡಿಗರು 30 ಫ್ರೆಂಚ್ ಹಾಗೂ 30 ಜರ್ಮನ್ ನವಜಾತ ಶಿಶುಗಳ ಅಳುವನ್ನು ಅಳೆದರು. ಫ್ರೆಂಚ್ ಕೂಸಿನ ಅಳು ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು, ಜರ್ಮನ್ ಕೂಸಿನದು ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಆಯಾ ಭಾಷೆಯ ಮಾತಿನ ಧಾಟಿಯೂ ಹಾಗೆಯೇ ಇದೆ. ಹುಟ್ಟಿ ಐದು ದಿನವಾಗುವುದರೊಳಗೆ ಕೂಸು ತಾಯ್ನುಡಿಯ ರಾಗದಲ್ಲಿ ಅಳುತ್ತದೆಂದಾಯಿತು. ಆದುದರಿಂದ ಆ ಸೋದರಿಗೆ ನಮ್ಮ ಉತ್ತರ: ಅವಶ್ಯ ಕೇಳಿಸುತ್ತದೆ. ಅರ್ಥವಲ್ಲ, ಧಾಟಿ. ದಿನಕ್ಕೊಂದು ಹೊಸ ಪದವನ್ನು ಹಾಡುವುದಕ್ಕಿಂತ ಒಂದೆರಡು ಪದಗಳನ್ನು ನಿತ್ಯವೂ ಹಾಡಿರಿ. ಹೊಟ್ಟೆಗೆ ಯಂತ್ರವನ್ನಿಟ್ಟು ಹಾಡು ಕೇಳಿಸುವ ಹೊಸ ವ್ಯಾಪಾರವೊಂದು ಹುಟ್ಟಿಕೊಂಡಿದೆ, ಅದರ ಅಗತ್ಯವಿಲ್ಲ. ತಾಯಿಯ ಧ್ವನಿಯು ಗಾಳಿಯಿಂದ ಮಾತ್ರವಲ್ಲದೆ ಅವಳ ಎಲುಬುಗಳ ಮೂಲಕವೂ ಒಳಗೆ ಹೋಗುತ್ತದೆ. ಆ ಸಾಮೀಪ್ಯವು ಬೇರೆ ಯಾವ ಧ್ವನಿಗೂ ಇಲ್ಲ.

ನಮ್ಮ ಸೀಮೆಯಲ್ಲಿ ಇದಕ್ಕೊಂದು ವಿಶೇಷ ಪ್ರಯೋಜನವುಂಟು. ಬೀದರವು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಔರಾದವು ಕರ್ನಾಟಕದ ತುತ್ತತುದಿಯ ಉತ್ತರದ ತಾಲೂಕು. ಓಣಿಯಲ್ಲಿ ಮರಾಠಿ, ಪೇಟೆಯಲ್ಲಿ ದಖನಿ, ಶಾಲೆಯಲ್ಲಿ ಇಂಗ್ಲಿಷು, ಸಂತೆಯಲ್ಲಿ ತೆಲುಗು, ಮಡಿಯ ಅಡಿಗೆಮನೆಯಲ್ಲಿ ಕನ್ನಡ. ಇದೊಂದು ಸಂಪತ್ತೇ ಹೊರತು ಕೊರತೆಯಲ್ಲ. ಆದರೆ ಹಿಂದಿ ಮರಾಠಿಗಳಲ್ಲಿ ಎಕಾರ ಒಕಾರಗಳಿಗೆ ಹ್ರಸ್ವ ದೀರ್ಘ ಭೇದವಿಲ್ಲ, ಕನ್ನಡದಲ್ಲಿ ಅದರ ಮೇಲೆಯೇ ಅರ್ಥ ನಿಂತಿದೆ. ಬೆಳೆ ಹೊಲದಲ್ಲಿರುತ್ತದೆ, ಬೇಳೆ ಸಾರಿನಲ್ಲಿರುತ್ತದೆ. ಕೊಡು ಎಂದರೆ ದಾನ, ಕೋಡು ಎಂದರೆ ಎತ್ತಿನ ತಲೆಯ ಮೇಲಿನದು.

ಈ ಭೇದವನ್ನು ಕಿವಿ ಯಾವಾಗ ಕಲಿಯುತ್ತದೆ? ಕೆನಡಾದ ಜಾನೆಟ್ ವರ್ಕರ್ ಎಂಬ ವಿದುಷಿಯು 1984ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದ ಪ್ರಯೋಗವು ಇಲ್ಲಿ ಪ್ರಸ್ತುತ. ಹಿಂದಿಯ ಟ, ತ ಎಂಬ ಎರಡು ಅಕ್ಷರಗಳ ಭೇದವು ಇಂಗ್ಲಿಷ್ ಮನೆಗಳ ಆರೇಳು ತಿಂಗಳ ಶಿಶುಗಳಿಗೆ ತಿಳಿಯುತ್ತಿತ್ತು. ಒಂದು ವರ್ಷ ಸಮೀಪಿಸುವಷ್ಟರಲ್ಲಿ ಆ ಶಕ್ತಿಯು ಬಹಳ ಕುಂದಿತ್ತು. ಕೇಳದ ಅಕ್ಷರಕ್ಕೆ ಕಿವಿಯು ತನ್ನ ಬಾಗಿಲನ್ನು ಓರೆಮಾಡುತ್ತದೆ. ಪೂರ್ತಿ ಮುಚ್ಚುವುದಿಲ್ಲವೆಂಬುದೂ ನಿಜ. ಮುಂದೆಯೂ ಕಲಿಯಬಹುದು, ಶ್ರಮ ಹೆಚ್ಚು. ಹೀಗಿರುವಾಗ ಕೂಸಿಗೆ ಅರ್ಥವಾಗುವುದಿಲ್ಲವೆಂದು ತೊಟ್ಟಿಲ ಹಾಡನ್ನು ಬಿಟ್ಟು ಕೈಗೆ ಮೊಬೈಲನ್ನು ಕೊಡುವ ತಾಯಂದಿರು, ಕೂಸು ಅತ್ಯಂತ ಹೆಚ್ಚಾಗಿ ಕೇಳಬಲ್ಲ ತಿಂಗಳುಗಳನ್ನೇ ಕಳೆದುಕೊಳ್ಳುತ್ತಿದ್ದಾರೆ.

ಮಾತು ಎಲ್ಲಿ ಮುಗಿಯುತ್ತದೆ, ಹಾಡು ಎಲ್ಲಿ ತೊಡಗುತ್ತದೆ? ಕ್ಯಾಲಿಫೋರ್ನಿಯಾದ ಡಯಾನಾ ಡಾಯ್ಚ್ ಎಂಬವರು 1995ರಲ್ಲಿ ತಮ್ಮ ಉಪನ್ಯಾಸದ ಧ್ವನಿಮುದ್ರಣವನ್ನು ತಿದ್ದುತ್ತಿದ್ದಾಗ ಅದರ ಒಂದು ತುಣುಕು ಮತ್ತೆ ಮತ್ತೆ ಕೇಳಿಬರುವಂತೆ ಬಿಟ್ಟಿದ್ದರು. ಸ್ವಲ್ಪ ಹೊತ್ತಿಗೆ ಯಾರೋ ಹಾಡುತ್ತಿರುವಂತೆ ಭಾಸವಾಯಿತು. ಧ್ವನಿಯಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಾಗಿರಲಿಲ್ಲ. ಬದಲಾದುದು ಕೇಳುವ ಮನಸ್ಸು. ಮೊದಲ ಬಾರಿ ಮನಸ್ಸು ಅರ್ಥವನ್ನು ಹುಡುಕುತ್ತದೆ. ಅರ್ಥ ಸಿಕ್ಕಮೇಲೆ ಅದಕ್ಕೆ ಬಿಡುವು ದೊರೆತು, ಅಲ್ಲಿಯೇ ಇದ್ದ ಏರಿಳಿತವನ್ನು ಗಮನಿಸುತ್ತದೆ ಎಂದು ಇದನ್ನು ವಿವರಿಸಬಹುದು. ನಾಮಸ್ಮರಣೆಯಲ್ಲಿ ತೊಡಗಿದವರಿಗೆ ಇದೇನೂ ಹೊಸದಲ್ಲ. ನೂರೆಂಟು ಸಲ ಒಂದೇ ನಾಮವನ್ನು ಹೇಳುವ ಗುಂಪಿನಲ್ಲಿ, ಯಾರೂ ರಾಗ ಹಾಕದಿದ್ದರೂ ರಾಗವೊಂದು ತಾನಾಗಿ ಕಟ್ಟಿಕೊಳ್ಳುತ್ತದೆ.

ದಾಸಸಾಹಿತ್ಯವು ಮಾತು ಮತ್ತು ಹಾಡುಗಳ ನಡುವಿನ ಹಾದಿಯಲ್ಲಿ ಎಲ್ಲ ಮೆಟ್ಟಿಲುಗಳನ್ನೂ ಕಟ್ಟಿಟ್ಟಿದೆ. ಉಗಾಭೋಗಕ್ಕೆ ತಾಳದ ಕಟ್ಟಿಲ್ಲ. ಭಗವಂತನೊಡನೆ ನೇರವಾಗಿ ಆಡುವ ಮಾತೇ ರಾಗವನ್ನು ಹೊದ್ದು ಬಂದಂತಿರುತ್ತದೆ. ಸುಳಾದಿಯಲ್ಲಿ ತಾಳಗಳು ಒಂದಾದ ಮೇಲೊಂದು ಬದಲಾಗುತ್ತ ವಿಚಾರವನ್ನು ನಡೆಸಿಕೊಂಡು ಹೋಗುತ್ತವೆ. ಕೀರ್ತನೆಯಲ್ಲಿ ಪಲ್ಲವಿಯು ಮರಳಿ ಮರಳಿ ಬಂದು ಪುನರುಕ್ತಿಯ ಕೆಲಸವನ್ನು ಮಾಡುತ್ತದೆ. ಮಾನವಿಯ ಜಗನ್ನಾಥದಾಸರು ಹರಿಕಥಾಮೃತಸಾರಕ್ಕೆ ಆರಿಸಿಕೊಂಡುದು ಭಾಮಿನೀ ಷಟ್ಪದಿ; ಮೂರು ಮಾತ್ರೆ ನಾಲ್ಕು ಮಾತ್ರೆಗಳ ಆ ನಡೆ ಕನ್ನಡದ ಮಾತಿಗೆ ಎಷ್ಟು ಹತ್ತಿರವೆಂದರೆ, ರಾಗವಿಲ್ಲದೆ ಸುಮ್ಮನೆ ಓದಿದರೂ ತೊಡೆಯ ಮೇಲೆ ಕೈ ತಾಳ ಹಾಕುತ್ತದೆ. ಭಾಷೆಯ ನಡೆಯೇ ಸಂಗೀತದ ನಡೆಯಾಗುವುದು ಹೊರದೇಶಗಳಲ್ಲಿಯೂ ಕಂಡಿದೆ. ಅನಿರುದ್ಧ ಪಟೇಲ್ ಮತ್ತು ಜೋಸೆಫ್ ಡೇನಿಯಲ್ ಎಂಬವರು 2003ರಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ವಾಗ್ಗೇಯಕಾರರ ವಾದ್ಯಸಂಗೀತವನ್ನು ಅಳೆದರು. ಒತ್ತಿ ಎಳೆದು ಮಾತಾಡುವ ಇಂಗ್ಲಿಷರ ಸಂಗೀತದಲ್ಲಿ ಸ್ವರಗಳ ಉದ್ದಗಿಡ್ಡಗಳ ಭೇದ ಹೆಚ್ಚು, ಸಮವಾಗಿ ಮಾತಾಡುವ ಫ್ರೆಂಚರದರಲ್ಲಿ ಕಡಿಮೆ. ಅಲ್ಲಿ ಸಾಹಿತ್ಯವೇ ಇರಲಿಲ್ಲವೆಂಬುದನ್ನು ಗಮನಿಸಬೇಕು.

ಭಾವದ ವಿಷಯದಲ್ಲಿಯೂ ಹೀಗೆಯೇ. 2012ರಲ್ಲಿ ಡೇನಿಯಲ್ ಬೌಲಿಂಗ್, ಡೇಲ್ ಪರ್ವಸ್ ಮೊದಲಾದವರು ಕರ್ನಾಟಕ ಸಂಗೀತದ ರಾಗಗಳನ್ನು ತಮಿಳು ಮಾತಿನೊಡನೆಯೂ, ಪಾಶ್ಚಾತ್ಯ ಸಂಗೀತವನ್ನು ಇಂಗ್ಲಿಷ್ ಮಾತಿನೊಡನೆಯೂ ಹೋಲಿಸಿ ನೋಡಿದರು. ಹರ್ಷೋತ್ಸಾಹದ ರಾಗಗಳಲ್ಲಿ ಸ್ವರದಿಂದ ಸ್ವರಕ್ಕೆ ಜಿಗಿತ ದೊಡ್ಡದು, ದೈನ್ಯದ ರಾಗಗಳಲ್ಲಿ ಚಿಕ್ಕದು. ಉತ್ಸಾಹದ ಮಾತಿನಲ್ಲಿ ಏರಿಳಿತ ಹೆಚ್ಚು, ದುಃಖದ ಮಾತಿನಲ್ಲಿ ಕಡಿಮೆ. ಎರಡು ದೇಶಗಳಲ್ಲಿಯೂ ಸಂಗೀತವು ಮಾತನ್ನೇ ಹಿಂಬಾಲಿಸಿತ್ತು. ಕನ್ನಡವನ್ನು ಅವರು ಅಳೆಯಲಿಲ್ಲ. ನಮ್ಮ ಯಾವನಾದರೂ ವಿದ್ಯಾರ್ಥಿ ಆ ಕೆಲಸಕ್ಕೆ ಕೈಹಾಕಿದರೆ ದಾಸರ ಪದಗಳಿಗಿಂತ ಉತ್ತಮ ಸಾಮಗ್ರಿ ಸಿಕ್ಕದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಇದೇ ಬೀದರ ಸೀಮೆಯ ರಾಜಧಾನಿಯಲ್ಲಿದ್ದು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಮಾನಸೋಲ್ಲಾಸವನ್ನು ರಚಿಸಿ, ಅದರಲ್ಲಿ ಗೀತವಾದ್ಯಗಳಿಗೆ ವಿಸ್ತಾರವಾದ ಸ್ಥಳವನ್ನು ಕೊಟ್ಟಿದ್ದಾನೆ. ಸಂಗೀತವನ್ನು ಶಾಸ್ತ್ರವಾಗಿ ನೋಡುವುದು ಈ ನೆಲಕ್ಕೆ ಹೊಸದೇನಲ್ಲ.

ಇನ್ನು ಭಾಲ್ಕಿಯ ವೃದ್ಧರ ದೂರು. ಇದು ನಮ್ಮೆಲ್ಲರ ಮೇಲಿನ ದೂರು ಎಂದು ಒಪ್ಪಿಕೊಂಡೇ ಮುಂದುವರಿಯುತ್ತೇವೆ.

ಅಕ್ಷರಗಳಲ್ಲಿ ಸ್ವರಗಳು ಬಲಿಷ್ಠ, ವ್ಯಂಜನಗಳು ಕೃಶ. 'ಆ' ಎಂಬುದು ಬೇಕಾದಷ್ಟು ಹೊತ್ತು ನಿಲ್ಲುತ್ತದೆ, ದೂರಕ್ಕೂ ಹೋಗುತ್ತದೆ. ಆದರೆ ಕ, ತ, ಪಗಳ ಸ್ಫೋಟವು ಸೆಕೆಂಡಿನ ನೂರರಲ್ಲಿ ಕೆಲವೇ ಪಾಲು. ಸ, ಶ, ಚಗಳ ಸೀಟಿಯಂತಹ ಧ್ವನಿಯು ಬಹಳ ಮೇಲಿನ ಕಂಪನಗಳಲ್ಲಿರುತ್ತದೆ. ಹಕಾರವಂತೂ ಬರಿಯ ಉಸಿರು. ನಾದವನ್ನು ಹೊರುವುದು ಸ್ವರಗಳು. ಪದ ಯಾವುದೆಂದು ತಿಳಿಸುವುದು ಮುಖ್ಯವಾಗಿ ವ್ಯಂಜನಗಳು. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ತಾರಕಂಪನಗಳನ್ನು, ಅಂದರೆ ವ್ಯಂಜನಗಳಿರುವ ಪ್ರದೇಶವನ್ನೇ. ಆದುದರಿಂದ ಹಾಡು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ ಎಂದು ಆ ಹಿರಿಯರು ಹೇಳಿದುದು ಶಾಸ್ತ್ರೋಕ್ತವಾದ ವರ್ಣನೆಯೇ ಆಗಿದೆ. ಮನೆಯಲ್ಲಿ ಇಂಥವರಿಗೆ "ಬೇಕಾದದ್ದು ಮಾತ್ರ ಕೇಳಸ್ತದ" ಎಂಬ ಅಪವಾದ ತಪ್ಪುವುದಿಲ್ಲ. ಕೂಗಿ ಹೇಳಿದರೆ ಸ್ವರ ಮಾತ್ರ ದೊಡ್ಡದಾಗುತ್ತದೆ, ವ್ಯಂಜನವು ಇನ್ನಷ್ಟು ಹೂತುಹೋಗುತ್ತದೆ. ಎದುರಿಗೆ ಕುಳಿತು, ತುಟಿ ಕಾಣುವಂತೆ, ನಿಧಾನವಾಗಿ ಹೇಳುವುದೇ ಉಪಾಯ. ಶ್ರವಣಯಂತ್ರವನ್ನು ಹಾಕಿಕೊಳ್ಳುವುದರಲ್ಲಿ ನಾಚಿಕೆ ಪಡಬೇಕಾದುದೇನೂ ಇಲ್ಲ; ಕನ್ನಡಕ ಹಾಕಿಕೊಂಡು ಪಾರಾಯಣ ಮಾಡುವುದಿಲ್ಲವೇ?

ಪ್ರತಿಧ್ವನಿಯದು ಇನ್ನೊಂದು ಉಪದ್ರವ. ಬೀದರದ ಝರಣಿ ನರಸಿಂಹನ ದರ್ಶನಕ್ಕೆ ಸುರಂಗದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದವರಿಗೆ ಇದು ಅನುಭವಸಿದ್ಧ. ಕಲ್ಲೂ ನೀರೂ ಧ್ವನಿಯನ್ನು ಹೀರುವುದು ಅತ್ಯಲ್ಪ. ಮುಂದಿನವರು ಕೂಗಿದ ನಾಮವು ಗೋಡೆಗಳಿಂದ ತಿರುತಿರುಗಿ ಬಂದು ಒಂದು ಘೋಷವಾಗುತ್ತದೆ. ಅಲ್ಲಿ ಅದು ರೋಮಾಂಚಕಾರಿ. ನಾಮ ಯಾವುದೆಂದು ನಮಗೆ ಮೊದಲೇ ಗೊತ್ತಿರುವುದರಿಂದ ಮಾತು ಕಲಸಿಹೋದರೂ ನಷ್ಟವಿಲ್ಲ. ಆದರೆ ಆ ಗುಹೆಯನ್ನೇ ನಾವು ಧ್ವನಿವರ್ಧಕದ ಪೆಟ್ಟಿಗೆಯಲ್ಲಿ ತಂದು ಮಂಟಪದಲ್ಲಿ ಕೂರಿಸಿದ್ದೇವೆ. ಗುಂಡಿಯೊಂದನ್ನು ತಿರುಗಿಸಿ ಕೃತಕವಾಗಿ ಪ್ರತಿಧ್ವನಿಯನ್ನು ಸೇರಿಸಿದರೆ ಹಾಡುವವರಿಗೆ ತಮ್ಮ ಧ್ವನಿ ಗಂಭೀರವಾಗಿ ಕೇಳಿಸುತ್ತದೆ. ಕೇಳುವವರಿಗಾದರೋ ಹಿಂದಿನ ಸ್ವರದ ಬಾಲವು ಮುಂದಿನ ವ್ಯಂಜನದ ಮೇಲೆ ಬಿದ್ದು ಅದನ್ನು ಮುಚ್ಚಿಬಿಡುತ್ತದೆ. ಎಲ್ಲಕ್ಕಿಂತ ಮೊದಲು ಮುಳುಗುವುದು ಹಕಾರ. ಹಾಡುವವರ ಬಾಯಲ್ಲಿ 'ಹರಿ' ಎಂದಿದ್ದುದು ಹಿಂದಿನ ಸಾಲಿಗೆ 'ಅರಿ' ಎಂದು ಮುಟ್ಟುತ್ತದೆ. ಅರಿ ಎಂದರೆ ಶತ್ರು. ತ್ವಷ್ಟೃವನ್ನು ಆಡಿಕೊಳ್ಳುವ ಅಧಿಕಾರ ನಮಗಿದೆಯೇ?

ಶ್ರುತಿಯನ್ನು ಅತಿಯಾಗಿ ಏರಿಸುವುದೂ ಇಂತಹದೇ ತಪ್ಪು. ತಾರಸ್ಥಾಯಿಯಲ್ಲಿ ಬಹಳ ಮೇಲೆ ಹೋದಾಗ ಉಪಸ್ವರಗಳು ಒಂದಕ್ಕೊಂದು ದೂರದೂರವಾಗಿ ನಿಲ್ಲುತ್ತವೆ. ಬಾಯಿಯು ಅವುಗಳಿಂದ ಅಕ್ಷರವನ್ನು ಕಡೆದು ತೋರಿಸಲಾರದಾಗಿ ಆ, ಈ, ಊಗಳೆಲ್ಲ ಒಂದೇ ಬಗೆಯಾಗಿ ಕೇಳಿಸುತ್ತವೆ. ನಮ್ಮ ಮಹಿಳಾ ಭಜನಾ ಮಂಡಳಿಗಳಲ್ಲಿ ಹಾರ್ಮೋನಿಯಮ್ಮಿನವರ ಅನುಕೂಲಕ್ಕೆ ಶ್ರುತಿ ನಿಶ್ಚಯವಾಗುವುದನ್ನು ಕಂಡಿದ್ದೇವೆ. ಮಂಡಳಿಯಲ್ಲಿ ಅತಿ ಹಿರಿಯರಾದವರಿಗೆ ಆಯಾಸವಾಗದ ಶ್ರುತಿಯನ್ನು ಹಿಡಿದರೆ ಸಾಹಿತ್ಯವೂ ಉಳಿಯುತ್ತದೆ, ಅವರೂ ಉಳಿಯುತ್ತಾರೆ. ಹ್ರಸ್ವವನ್ನು ಮನಬಂದಂತೆ ಎಳೆಯುವುದರ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ರಾಗದ ಮೋಹಕ್ಕೆ ಬೆಳೆಯು ಬೇಳೆಯಾಗುವುದನ್ನು ಎಲ್ಲರೂ ಕೇಳಿದ್ದಾರೆ. ಎಳೆಯಬೇಕಾದಲ್ಲಿ ಗುರುವನ್ನು ಕಂಡು ಎಳೆಯಬೇಕು.

ನಾದಕ್ಕೂ ನುಡಿಗೂ ದಾರಿ ಪೂರ್ತಿ ಒಂದೇ ಅಲ್ಲವೆಂಬುದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷಿಯು ರೋಗದಿಂದ ಬರುತ್ತದೆ. ಇದನ್ನು ಬರೆಯಲು ಕಾರಣ, ಭಾಲ್ಕಿಯಲ್ಲಿಯೇ ನಾವು ಕಂಡ ಒಂದು ಮನೆ. ಅಲ್ಲಿಯ ವೃದ್ಧೆಯೊಬ್ಬರಿಗೆ ಪಾರ್ಶ್ವವಾಯು ತಗಲಿ ಬಲಗೈಯೂ ಮಾತೂ ನಿಂತುಹೋಗಿದ್ದವು. ನೀರು ಬೇಕಾದರೆ ಚೊಂಬಿನ ಕಡೆಗೆ ನೋಡುತ್ತಿದ್ದರು. ಏಕಾದಶಿಯ ರಾತ್ರಿ ಪಕ್ಕದ ಕೋಣೆಯಲ್ಲಿ ಭಜನೆ ನಡೆದಾಗ ಆಕೆ ಪದವೊಂದನ್ನು ಮೂರು ನುಡಿಗಳವರೆಗೆ, ಅಕ್ಷರ ತಪ್ಪದೆ, ಎಲ್ಲರೊಡನೆ ಹಾಡಿದರು. ಮರುದಿನ ಬೆಳಗ್ಗೆ ಮತ್ತೆ ಮಾತಿಲ್ಲ. "ಹಾಡಲಿಕ್ಕ ಬರ್ತದ, ಮಾತಾಡಲಿಕ್ಕ ಬರಂಗಿಲ್ಲೇನು? ಬೇಕಂತಲೇ ಮಾಡ್ತಾರ" ಎಂದು ಮನೆಯವರಲ್ಲಿ ಒಬ್ಬರಿಗೆ ತೋರಿತು. ಕೆಲವರು ಪವಾಡವೆಂದರು. ಎರಡೂ ಸರಿಯಲ್ಲ.

ಬಹುಜನರಲ್ಲಿ ಮಾತನ್ನು ಕಟ್ಟುವ ಸ್ಥಾನವು ಮೆದುಳಿನ ಎಡಭಾಗದಲ್ಲಿರುತ್ತದೆ. ಬಲಗೈಯನ್ನು ಆಳುವುದೂ ಆ ಭಾಗವೇ. ಆದುದರಿಂದಲೇ ಅವೆರಡೂ ಕೂಡಿ ಕೆಡುವುದು. ಹಾಡಿಗೆ ಎರಡೂ ಭಾಗಗಳ ನೆರವುಂಟು. ಸ್ವೀಡನ್ನಿನ ಓಲೋಫ್ ದಾಲಿನ್ 1745ರಷ್ಟು ಹಿಂದೆಯೇ ಮಾತು ನಿಂತರೂ ಸ್ತೋತ್ರಗಳನ್ನು ಹಾಡಬಲ್ಲವನಾಗಿದ್ದ ಒಬ್ಬ ರೋಗಿಯನ್ನು ವರ್ಣಿಸಿದ್ದಾನೆ. ರಷ್ಯದ ವಾಗ್ಗೇಯಕಾರ ಶೆಬಾಲಿನನು 1959ರ ಆಘಾತದಲ್ಲಿ ಮಾತನ್ನು ಕಳೆದುಕೊಂಡ ಮೇಲೂ ಸಂಗೀತವನ್ನು ರಚಿಸುತ್ತಿದ್ದನು. 1973ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಇದನ್ನೇ ಚಿಕಿತ್ಸೆಯಾಗಿ ರೂಪಿಸಿದರು: ನಿತ್ಯೋಪಯೋಗಿ ಮಾತುಗಳನ್ನು ಎರಡು ಸ್ವರಗಳ ಸರಳ ಧಾಟಿಯಲ್ಲಿ, ಎಡಗೈಯಿಂದ ತಾಳ ಹಾಕುತ್ತ ಹೇಳಿಸುವುದು, ಕ್ರಮೇಣ ಧಾಟಿಯನ್ನು ಕಳಚುವುದು. 2011ರಲ್ಲಿ ಜರ್ಮನಿಯ ಸಂಶೋಧಕರು, ಇದರಲ್ಲಿ ರಾಗಕ್ಕಿಂತ ಲಯದ ಮತ್ತು ಬಾಯಿಪಾಠದ ಪಾಲು ಹೆಚ್ಚೆಂದು ತೋರಿಸಿದರು. ಎಳವೆಯಿಂದ ಸಾವಿರ ಸಲ ಹೇಳಿದ ಪದವು ಒಂದು ಇಡಿಯ ಗಂಟಾಗಿ ನಾಲಿಗೆಗೆ ಬರುತ್ತದೆ. "ನೀರು ಕೊಡು" ಎಂಬ ಮಾತನ್ನು ಮಾತ್ರ ಆ ಕ್ಷಣದಲ್ಲಿ ಹೊಸದಾಗಿ ಕಟ್ಟಬೇಕು, ಕಟ್ಟುವ ಸ್ಥಾನವೇ ಕೆಟ್ಟಿದೆ. ಆಕೆಯಲ್ಲಿ ಹಠವಿರಲಿಲ್ಲ, ಬುದ್ಧಿಭ್ರಮಣೆಯೂ ಇರಲಿಲ್ಲ.

ಹಾಡೇ ಔಷಧವೆಂದು ಯಾರೂ ಭಾವಿಸಬಾರದು. ಪಾರ್ಶ್ವವಾಯುವಿನ ಲಕ್ಷಣ ಕಂಡ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ರಕ್ತದ ಗರಣೆಯನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಹೊತ್ತು ನೋಡಿ ಹೊರಡುವುದಕ್ಕೆ ಅವಕಾಶವಿಲ್ಲ. ಅನಂತರ ವಾಕ್ಚಿಕಿತ್ಸಕರ ಸಲಹೆ ಬೇಕು. 1960ರ ದಶಕದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂತಹ ಚಿಕಿತ್ಸಕರನ್ನು ತರಬೇತುಗೊಳಿಸುತ್ತ ಬಂದಿದೆ. ಅದರ ಜೊತೆಗೆ ಮನೆಯವರು ಮಾಡಬಹುದಾದುದು ಇಷ್ಟು: ರೋಗಿಗೆ ಬಾಯಿಪಾಠವಿರುವ ಪದಗಳನ್ನೇ ಆರಿಸಿ, ಅವರ ಎದುರಿಗೆ ಕುಳಿತು, ನಿಧಾನವಾಗಿ ಒಡಗೂಡಿ ಹಾಡುವುದು, ಅವರ ಎಡಗೈಯನ್ನು ಹಿಡಿದು ತಾಳ ಹಾಕಿಸುವುದು, ತಡವರಿಸಿದಾಗ ಪದವನ್ನು ಕಸಿದುಕೊಳ್ಳದೆ ಮೊದಲ ಅಕ್ಷರವನ್ನಷ್ಟೇ ಎತ್ತಿಕೊಟ್ಟು ಕಾಯುವುದು.

ಭಾಲ್ಕಿಯ ಆ ಮನೆಯಲ್ಲಿ ಈ ಕೆಲಸವನ್ನು ವಹಿಸಿಕೊಂಡವಳು ಹತ್ತು ವರ್ಷದ ಮೊಮ್ಮಗಳು. ಅವಳಿಗೆ ಬರುತ್ತಿದ್ದುದು ನಾಲ್ಕೇ ಪದಗಳು, ಅಜ್ಜಿಯೇ ಕಲಿಸಿದವು. ಶಾಲೆಯಿಂದ ಬಂದು ಪ್ರತಿದಿನ ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಅಜ್ಜಿಯ ಎಡಗೈಯನ್ನು ಹಿಡಿದು ಹಾಡುತ್ತಿದ್ದಳು. ನಾವು ಕೊನೆಯ ಸಲ ಹೋದಾಗ ಆಕೆ "ನೀರು" ಎಂಬ ಎರಡಕ್ಷರವನ್ನು, ಷಡ್ಜದಿಂದ ಪಂಚಮಕ್ಕೆ ಏರಿಸಿ, ತೊಡೆಯ ಮೇಲೆ ಎಡಗೈ ತಟ್ಟುತ್ತ ಕೇಳಿದರು. ಮೊಮ್ಮಗಳು ಚೊಂಬನ್ನು ತಂದುಕೊಟ್ಟು, ನಮ್ಮ ಕಡೆ ತಿರುಗಿ, ನಿನ್ನೆಗಿಂತ ಇವತ್ತು ಒಂದು ಸ್ವರ ಮೇಲಾಯಿತೆಂದು ದೂರಿದಳು.

॥ ಶ್ರೀಕೃಷ್ಣಾರ್ಪಣಮಸ್ತು ॥